ಡಯಾಲಿಸಿಸ್ ನಡುವೆ ಏಕಾದಶಿ: ಮೇಷ್ಟ್ರೊಬ್ಬರ ಪತ್ರಕ್ಕೆ ಉತ್ತರ

ಪ್ರಶ್ನೆ: ನನಗೆ 54 ವರ್ಷ. ಹಾಸನ ಜಿಲ್ಲೆಯಲ್ಲಿ ಹೈಸ್ಕೂಲು ಮೇಷ್ಟ್ರು. ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂವರೆ ವರ್ಷದಿಂದ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. ವಾರಕ್ಕೆ ಮೂರು ಸಲ ಮಾಡಿಸಿ ಅಂತ ಡಾಕ್ಟ್ರು ಹೇಳಿದ್ದಾರೆ, ರಜೆ ಹೊಂದಿಸಲಾಗದೆ ಎರಡಕ್ಕೇ ನಿಂತಿದೆ. ಚಿಕ್ಕಂದಿನಿಂದ ಏಕಾದಶಿ ಬಿಟ್ಟವನಲ್ಲ. ಹೋದ ತಿಂಗಳು ಏಕಾದಶಿ ಭಾನುವಾರ ಬಂತು. ಎರಡು ಎಳನೀರು, ಮೂರು ಬಾಳೆಹಣ್ಣು, ಅಷ್ಟೇ ತಗೊಂಡೆ. ಊಟ ಇಲ್ಲವಲ್ಲ ಅಂತ ಇನ್ಸುಲಿನ್ನೂ ಹಾಕಿಕೊಳ್ಳಲಿಲ್ಲ. ಸೋಮವಾರ ಬೆಳಗ್ಗೆ ಕಾಲು ಎತ್ತಿಡಲಾಗಲಿಲ್ಲ. ಆಸ್ಪತ್ರೆಯಲ್ಲಿ ಪೊಟ್ಯಾಷಿಯಂ 7.1 ಅಂದರು, ಕೂಡಲೇ ಡಯಾಲಿಸಿಸ್ ಮಾಡಿದರು. ದೇವರ ಉಪವಾಸ ಮಾಡಿಯೇ ಹೀಗಾಯ್ತಲ್ಲ ಅನ್ನೋದು ನನ್ನ ಸಂಕಟ. ಇದು ಪೂರ್ವಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು ಅಂತಾರೆ ಅಮ್ಮ. ರಕ್ತ ಹೊರಗೆ ಹೋಗಿ ಬಂದ ದಿನ ದೇವರ ಮನೆಗೆ ಹೋಗಬೇಡ ಅಂತಲೂ ಹೇಳ್ತಾರೆ. ಬಾಳೆದಿಂಡಿನ ರಸ ಮೂರು ತಿಂಗಳು ಕುಡಿದರೆ ಡಯಾಲಿಸಿಸ್ಸೇ ಬೇಡ ಅಂತಾನೆ ನನ್ನ ಷಡ್ಡಕ. ಹೆಂಡತಿ ಕಿಡ್ನಿ ಕೊಡ್ತೀನಿ ಅಂತಿದ್ದಾಳೆ, ಕೊಟ್ಟರೆ ಮುಂದಿನ ಜನ್ಮದಲ್ಲಿ ಆ ಅಂಗವಿಲ್ಲದೆ ಹುಟ್ತಾಳೆ ಅಂತ ಮನೆಯಲ್ಲಿ ಗಲಾಟೆ. ನೋಡಲು ಬಂದವರೆಲ್ಲ 'ಬದುಕಿದ್ದೀರಲ್ಲ ಮೇಷ್ಟ್ರೇ, ದೇವರಿಗೆ ಕೃತಜ್ಞರಾಗಿರಿ' ಅಂದು ಹೋಗ್ತಾರೆ. ನನಗೆ ಕೃತಜ್ಞತೆ ಬರ್ತಿಲ್ಲ ಡಾಕ್ಟ್ರೇ, ಸಿಟ್ಟು ಬರ್ತಿದೆ. ನಾನು ನಾಸ್ತಿಕನಾಗ್ತಿದ್ದೀನಾ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಆಸ್ತಿಕನೋ ನಾಸ್ತಿಕನೋ ಏನಾಗಬೇಕಿದ್ದರೂ ಮೊದಲು ಮನುಷ್ಯ ಬದುಕಿರಬೇಕು. ಪೊಟ್ಯಾಷಿಯಂ 7.1 ಇದ್ದ ಆ ಸೋಮವಾರ ಅದಕ್ಕೇ ಖಾತ್ರಿ ಇರಲಿಲ್ಲ.

ರಕ್ತದಲ್ಲಿ ಪೊಟ್ಯಾಷಿಯಂ ಸಾಮಾನ್ಯವಾಗಿ 3.5ರಿಂದ 5ರವರೆಗೆ ಇರುತ್ತದೆ. 6.5 ದಾಟಿದರೆ ಹೃದಯದ ಬಡಿತ ತಪ್ಪಬಹುದು, ನಿಂತೇ ಹೋಗಬಹುದು. ಇದಕ್ಕೆ ನೋವಿಲ್ಲ, ಜ್ವರವಿಲ್ಲ, ಏದುಸಿರೂ ಇಲ್ಲದಿರಬಹುದು. ನಿಮಗೆ ಕಾಲು ಸೋತದ್ದೇ ಪುಣ್ಯ. ಎಷ್ಟೋ ಜನಕ್ಕೆ ಅಷ್ಟು ಸೂಚನೆಯೂ ಸಿಗುವುದಿಲ್ಲ.

ಅದು ಏಕಾದಶಿಯ ತಪ್ಪಲ್ಲ, ಅಂದಿನ ಲೆಕ್ಕದ ತಪ್ಪು. ಒಂದು ಲೋಟ ಎಳನೀರಿನಲ್ಲಿ 500 ಮಿಲಿಗ್ರಾಂ ಆಸುಪಾಸು ಪೊಟ್ಯಾಷಿಯಂ ಇರುತ್ತದೆ, ಕಾಯಿ ದೊಡ್ಡದಾದರೆ ಇನ್ನೂ ಹೆಚ್ಚು. ಒಂದು ಪಚ್ಚಬಾಳೆಯಲ್ಲಿ ಸುಮಾರು 400. ಡಯಾಲಿಸಿಸ್‌ನಲ್ಲಿರುವ ಹೆಚ್ಚಿನವರಿಗೆ ನಾವು ಇಡೀ ದಿನಕ್ಕೆ ಹೇಳುವ ಮಿತಿ 2,000ದ ಆಸುಪಾಸು. ನೀವು ಊಟ ಬಿಟ್ಟು ಅದನ್ನು ದಾಟಿದಿರಿ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರುವವರು ಕೈಯಲ್ಲಿ ಎಳನೀರು ಹಿಡಿದೇ ಬರುತ್ತಾರೆ. ತಿಪಟೂರು, ಅರಸೀಕೆರೆ ಕಡೆಯ ನೆಂಟರಿದ್ದರಂತೂ ಗೊನೆಯೇ ಬರುತ್ತದೆ. ಪ್ರೀತಿಯಿಂದಲೇ ತರುತ್ತಾರೆ. ಕಿಡ್ನಿ ಇರುವವರಿಗೆ ಅದು ಅಮೃತ, ನಿಮಗೆ ಮಾತ್ರ ಅಲ್ಲ.

ಇದರ ಜೊತೆಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಡಯಾಲಿಸಿಸ್‌ನಲ್ಲಿರುವವರು ಏನೂ ತಿನ್ನದೆ ಇದ್ದರೂ ಪೊಟ್ಯಾಷಿಯಂ ಏರುತ್ತದೆ. ಪೊಟ್ಯಾಷಿಯಂ ಹೆಚ್ಚಾಗಿ ಇರುವುದು ಜೀವಕೋಶಗಳ ಒಳಗೆ. ಅದನ್ನು ಒಳಗೆ ತಳ್ಳಿ ಇಡುವ ಕೆಲಸದಲ್ಲಿ ಇನ್ಸುಲಿನ್‌ಗೆ ದೊಡ್ಡ ಪಾಲಿದೆ. ಉಪವಾಸದಲ್ಲಿ ದೇಹದ ಇನ್ಸುಲಿನ್ ಇಳಿಯುತ್ತದೆ, ನೀವು ಹಾಕಿಕೊಳ್ಳುವುದನ್ನೂ ಬಿಟ್ಟಿರಿ. ಒಳಗಿದ್ದದ್ದು ಹೊರಗೆ ಬಂತು, ಹೊರಹಾಕಲು ಕಿಡ್ನಿಯಿಲ್ಲ. ಹಾಗಂತ ಎಂದಿನ ಡೋಸ್ ಹಾಕಿಕೊಂಡು ಉಪವಾಸ ಇದ್ದಿದ್ದರೆ ಸಕ್ಕರೆ ಕುಸಿದು ಬೀಳುವ ಅಪಾಯ. ಕಿಡ್ನಿ ಸೋತವರ ಮೈಯಲ್ಲಿ ಇನ್ಸುಲಿನ್ ಬೇಗ ಕರಗುವುದಿಲ್ಲ, ಹೊತ್ತು ಮೀರಿ ಕೆಲಸ ಮಾಡುತ್ತದೆ. ಹೇಗೆ ನೋಡಿದರೂ ಇಕ್ಕಟ್ಟೇ.

ಅದರ ಮೇಲೆ ದಿನಗಳ ಅಂತರ. ಶುಕ್ರವಾರ ಆದಮೇಲೆ ಮಂಗಳವಾರ, ನಡುವೆ ಬಿದ್ದದ್ದು ಭಾನುವಾರದ ಏಕಾದಶಿ. ಒಳ್ಳೆಯ ಕಿಡ್ನಿ ವಾರಕ್ಕೆ 168 ಗಂಟೆ ದುಡಿಯುತ್ತದೆ. ನಿಮ್ಮ ಯಂತ್ರ ನಾಲ್ಕು ಗಂಟೆಯಂತೆ ಎರಡು ಸಲ, ಒಟ್ಟು ಎಂಟು ಗಂಟೆ. ಮೂರು ಸಲ ಎಂದು ನಿಮ್ಮ ಡಾಕ್ಟರು ಹೇಳಿರುವುದು ಬಿಲ್ ಏರಿಸಲಿಕ್ಕಲ್ಲ. ನಾನಾದರೂ ಮೊದಲು ಇದನ್ನೇ ಸರಿಪಡಿಸುತ್ತಿದ್ದೆ. ಉಪವಾಸ, ಪಥ್ಯ, ಪ್ರಾರ್ಥನೆ ಎಲ್ಲ ಇದರ ನಂತರ. ಸಂಜೆ ಪಾಳಿಯಿರುವ ಕೇಂದ್ರ ಹತ್ತಿರದಲ್ಲಿದೆಯೇ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಇದೆ. ನಿಮ್ಮ ಡಾಕ್ಟರಿಂದ ಒಂದು ಪತ್ರ ಬರೆಸಿಕೊಂಡು ಮುಖ್ಯೋಪಾಧ್ಯಾಯರ ಹತ್ತಿರ ವೇಳಾಪಟ್ಟಿ ಬದಲಿಸಲು ಮಾತಾಡಿ. ಮಕ್ಕಳಿಗೆ ವರ್ಷವಿಡೀ ಪಾಠ ಬೇಕಾದರೆ ಮೇಷ್ಟ್ರು ವರ್ಷವಿಡೀ ಇರಬೇಕಲ್ಲ.

ಹಾಗಾದರೆ ಏಕಾದಶಿ? ನನ್ನ ಸ್ಪಷ್ಟ ಸಲಹೆ, ನಿರಾಹಾರ ಬೇಡ, ಹಣ್ಣು ಎಳನೀರಿನ ಫಲಾಹಾರ ಖಂಡಿತ ಬೇಡ. 'ಆತುರೇ ನಿಯಮೋ ನಾಸ್ತಿ' ಎಂಬ ಮಾತನ್ನು ನಿಮ್ಮ ಅಮ್ಮನೇ ಎಷ್ಟೋ ಸಲ ಆಡಿರುತ್ತಾರೆ. ರೋಗಿಗೆ ನಿಯಮದ ಕಟ್ಟಿಲ್ಲ ಎಂದು ಹೇಳಿದವರು ಡಾಕ್ಟರುಗಳಲ್ಲ, ವ್ರತ ಮಾಡಿಸುತ್ತಿದ್ದವರೇ. ಆದರೂ ನಲವತ್ತು ವರ್ಷದ ರೂಢಿಯನ್ನು ಒಂದು ಶ್ಲೋಕದ ತುಂಡು ಹೇಳಿ ಬಿಡಿಸಲಾಗದು ಎಂದು ನನಗೂ ಗೊತ್ತು. ಏನನ್ನಾದರೂ ಬಿಡಲೇಬೇಕು ಅನ್ನಿಸಿದರೆ ಉಪ್ಪು ಬಿಡಿ. ಉಪ್ಪಿಲ್ಲದ ಊಟ ನಮ್ಮ ವ್ರತಗಳಿಗೆ ಹೊಸದಲ್ಲ, ಡಯಾಲಿಸಿಸ್ ರೋಗಿಗೆ ಅದರಷ್ಟು ಒಪ್ಪುವ ವ್ರತ ಇನ್ನೊಂದಿಲ್ಲ. ನಿಮ್ಮ ಬಾಯಾರಿಕೆಯನ್ನು ಏರಿಸುವುದು ಬಿಸಿಲಿಗಿಂತ ಹೆಚ್ಚಾಗಿ ಉಪ್ಪು. ಉಪ್ಪು ಇಳಿದರೆ ನೀರಿನ ಆಸೆ ಇಳಿಯುತ್ತದೆ, ಎರಡು ಡಯಾಲಿಸಿಸ್ ನಡುವೆ ಏರುವ ತೂಕ ಇಳಿಯುತ್ತದೆ, ಯಂತ್ರದ ಮೇಲೆ ಮಲಗಿದಾಗ ಬಿ.ಪಿ. ಕುಸಿದು ಸ್ನಾಯು ಹಿಡಿಯುವುದೂ ಕಡಿಮೆಯಾಗುತ್ತದೆ. ನನ್ನ ರೋಗಿಯೊಬ್ಬರು ಶನಿವಾರದ ಒಪ್ಪತ್ತನ್ನು ಹೀಗೆ ಉಪ್ಪಿಲ್ಲದ ಊಟಕ್ಕೆ ಬದಲಿಸಿಕೊಂಡರು. ಆಮೇಲೆ ಸೋಮವಾರದ ತೂಕ ನೋಡಿ ನಮ್ಮ ಸಿಸ್ಟರ್‌ಗಳಿಗೇ ಆಶ್ಚರ್ಯ.

ಇಲ್ಲಿ ಎರಡು ಎಚ್ಚರಿಕೆ. ವ್ರತದ ಅಡುಗೆಗೆ ಬಳಸುವ ಸೈಂಧವ ಲವಣವೂ ಉಪ್ಪೇ, ಬಣ್ಣ ಬೇರೆ ಅಷ್ಟೇ. ಅಂಗಡಿಯಲ್ಲಿ ಸಿಗುವ 'ಲೋ ಸೋಡಿಯಂ' ಉಪ್ಪು ಇನ್ನೂ ಕೆಟ್ಟದ್ದು, ಅದರಲ್ಲಿ ಸೋಡಿಯಂ ತೆಗೆದು ತುಂಬಿರುವುದು ಪೊಟ್ಯಾಷಿಯಂ. ಬಿ.ಪಿ.ಗೆ ಒಳ್ಳೆಯದೆಂದು ಮಗನೋ ಸೊಸೆಯೋ ತಂದಿಟ್ಟಿದ್ದರೆ ನಿಮ್ಮ ಅಡುಗೆಗೆ ಮುಟ್ಟಿಸಬೇಡಿ.

ದೇವಸ್ಥಾನದ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ತೀರ್ಥ ತೆಗೆದುಕೊಳ್ಳಿ, ಮೂರು ಉದ್ಧರಣೆ ಸೇರಿದರೂ ಹದಿನೈದು ಮಿಲಿ ಆಗುತ್ತದೆ. ಅದಕ್ಕೆ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುವವರನ್ನು ನೋಡಿದ್ದೇನೆ, ಅದೇ ಜನ ಮನೆಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿಯುತ್ತಾರೆ. ಪಂಚಾಮೃತ ನಾಲಿಗೆಗೆ ತಾಗುವಷ್ಟು ಸಾಕು, ದೊನ್ನೆ ತುಂಬ ಬೇಡ. ಪೂಜೆ ಮಾಡಿಸಿ ಕೈಗೆ ಕಟ್ಟುವ ದಾರ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳ ಸೇರಿಸಿ ಮಾಡಿದ ಜೋಡಣೆ) ಇರುವ ಕೈಗೆ ಬೇಡವೇ ಬೇಡ, ಬಿಗಿಯಾದರೆ ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗಬಹುದು. ಹೆಂಗಸರಿಗೆ ಎಡಗೈಗೆ ಕಟ್ಟುವುದು ವಾಡಿಕೆ, ಫಿಸ್ಟುಲಾ ಮಾಡುವುದೂ ಹೆಚ್ಚಾಗಿ ಎಡಗೈಗೇ. ಓದುತ್ತಿರುವ ಅಕ್ಕಂದಿರು ಅರ್ಚಕರಿಗೆ ಹೇಳಿ ಬಲಗೈಗೆ ಕಟ್ಟಿಸಿಕೊಳ್ಳಿ. ಮುಡಿ ಕೊಡುವ ಹರಕೆಯಿದ್ದರೆ ಡಯಾಲಿಸಿಸ್ ದಿನ ಬೇಡ, ಅಂದು ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಿರುತ್ತೇವೆ, ಕತ್ತಿ ತಾಗಿದರೆ ರಕ್ತ ಬೇಗ ನಿಲ್ಲುವುದಿಲ್ಲ. ಹದಿನಾರು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿರುತ್ತದೆ, ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಹಾಕಿ ಬೊಬ್ಬೆ ಎದ್ದದ್ದು ರಾತ್ರಿ ಕಾಲುಚೀಲ ತೆಗೆದಾಗ ಗೊತ್ತಾಗುತ್ತದೆ. ಬೆಳಗ್ಗೆ ಹೋಗಿ. ದೂರದ ಕ್ಷೇತ್ರಕ್ಕೆ ಹೊರಟರೆ ಅಲ್ಲಿಯ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ಸರದಿ ಕಾಯ್ದಿರಿಸಿ, ಇತ್ತೀಚಿನ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ವರದಿ ಹಾಗೂ ನಿಮ್ಮ ಒಣ ತೂಕ, ಅಂದರೆ ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ, ಬರೆದ ಚೀಟಿ ಜೊತೆಗಿರಲಿ.

ಮೈಲಿಗೆಯ ಮಾತು. ಶಾಸ್ತ್ರ ಹೇಳಲು ನಾನು ಪುರೋಹಿತನಲ್ಲ. ರಕ್ತದ ಬಗ್ಗೆ ನನಗೆ ಗೊತ್ತಿರುವುದಿಷ್ಟು: ಅದು ನಿಮ್ಮದೇ ರಕ್ತ, ಮುಚ್ಚಿದ ಕೊಳವೆಯಲ್ಲಿ ಹೋಗಿ, ತೊಳೆದುಕೊಂಡು, ಮುಚ್ಚಿದ ಕೊಳವೆಯಲ್ಲೇ ಮರಳಿ ಬರುತ್ತದೆ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಅದರ ಪಕ್ಕದಲ್ಲಿ ಹರಿದು ಹೋಗುತ್ತದೆ. ಅಷ್ಟು ನೀರಿನಲ್ಲಿ ತೊಳೆದ ರಕ್ತ ಊರಿನಲ್ಲಿ ಇನ್ನಾರಿಗಿದೆ ಎಂದು ಅಮ್ಮನನ್ನು ಕೇಳಿ ನೋಡಿ, ನಗಬಹುದು. ನಿಜವಾದ ಶುದ್ಧಿಯ ಪ್ರಶ್ನೆ ಬೇರೆಡೆ ಇದೆ. ಕುತ್ತಿಗೆಯಲ್ಲಿ ಕ್ಯಾತಿಟರ್ ಇರುವವರು ನದಿಯಲ್ಲಿ, ಪುಷ್ಕರಣಿಯಲ್ಲಿ ಮುಳುಗು ಹಾಕಬಾರದು. ಆ ನಳಿಗೆಯ ದಾರಿಯಲ್ಲಿ ಸೋಂಕು ನೇರ ಹೃದಯಕ್ಕೇ ಹೋಗುತ್ತದೆ. ಫಿಸ್ಟುಲಾದವರೂ ಸೂಜಿ ಚುಚ್ಚಿದ ದಿನ ಬಿಡಿ. ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಸಾಕು.

ಬಾಳೆದಿಂಡಿನ ರಸಕ್ಕೆ ಹೆಚ್ಚು ಮಾತು ಬೇಡ. ಅದು ಕಿಡ್ನಿ ಕಲ್ಲಿಗೆ ಎಂದು ನಮ್ಮಲ್ಲಿ ರೂಢಿಯಾದ ಮನೆಮದ್ದು. ನಿಮ್ಮದು ಕಲ್ಲಲ್ಲ, ಸೋಸುವ ಅಂಗಾಂಶವೇ ಗಾಯವಾಗಿ ಗಟ್ಟಿಯಾಗಿದೆ, ಅದನ್ನು ಯಾವ ರಸವೂ ಮರಳಿ ತರುವುದಿಲ್ಲ. ಆ ರಸದಲ್ಲೂ ಪೊಟ್ಯಾಷಿಯಂ ತುಂಬಿದೆ, ಮೂರು ತಿಂಗಳು ಕುಡಿದು ಮುಗಿಸುವ ತನಕ ನೀವಿರುವುದೇ ಅನುಮಾನ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಸವಾದ ಕ್ರಿಯಾಟಿನಿನ್ ಇಳಿಸುತ್ತೇವೆಂದು ಕೊಡುವ ಹೆಸರಿಲ್ಲದ ಪುಡಿಗಳೂ ಬೇಡ, ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ. ಮಲೆನಾಡಿನ ಕಡೆಯ ನೆಂಟರಿದ್ದರೆ ಇನ್ನೊಂದು ತಿಳಿದಿರಲಿ. ಧಾರೆಹುಳಿ, ಅಂದರೆ ಕಮರಾಕ್ಷಿಯ ಗೊಜ್ಜು, ಉಪ್ಪಿನಕಾಯಿ, ಹಣ್ಣು ಯಾವುದನ್ನೂ ಒಂದು ಚೂರೂ ತಿನ್ನಬೇಡಿ. ಅದರಲ್ಲಿರುವ ನಂಜನ್ನು ಹೊರಹಾಕಲು ಕಿಡ್ನಿಯೇ ಬೇಕು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗಲಿಬಿಲಿ, ಫಿಟ್ಸ್‌ವರೆಗೆ ಹೋಗುತ್ತದೆ.

ಮನೆಯ ಊಟದ ಬಗ್ಗೆ ಒಂದು ಸಣ್ಣ ಮಾತು. ಸೊಪ್ಪು ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ತಿನ್ನಿ ಎಂದು ನಾವು ಹೇಳುತ್ತೇವೆ, ಪೊಟ್ಯಾಷಿಯಂ ನೀರಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ. ಒಬ್ಬರು ವರ್ಷಗಟ್ಟಲೆ ನಿಷ್ಠೆಯಿಂದ ಬಸಿದೇ ತಿಂದರು, ಪೊಟ್ಯಾಷಿಯಂ ಮಾತ್ರ ಇಳಿಯಲಿಲ್ಲ. ಕೊನೆಗೆ ಅವರ ಮನೆಯವರು ಹೇಳಿದರು, ಬಸಿದ ನೀರನ್ನು ಚೆಲ್ಲುವುದುಂಟೇ ಡಾಕ್ಟ್ರೇ, ಬಸ್ಸಾರು ಮಾಡ್ತೀನಲ್ಲ! ತಪ್ಪು ನಮ್ಮದೇ, ಚೆಲ್ಲಿ ಎಂದು ನಾವು ಹೇಳಿರಲಿಲ್ಲ. ಪಲ್ಯ ನಿಮಗೆ, ಸಾರು ಮನೆಯ ಉಳಿದವರಿಗೆ.

ಈಗ ಕರ್ಮ. ಹದಿನಾರು ವರ್ಷದ ಸಕ್ಕರೆ ಮತ್ತು ಬಿ.ಪಿ. ನಿಮ್ಮ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸಿದವು. ನಮ್ಮ ಡಯಾಲಿಸಿಸ್ ಕುರ್ಚಿಗಳಲ್ಲಿ ಕೂತವರ ಚೀಟಿಗಳಲ್ಲಿ ಅತಿ ಹೆಚ್ಚು ಕಾಣುವ ಕಾರಣವೇ ಇದು. ಕಿಡ್ನಿ ಮುಕ್ಕಾಲು ಪಾಲು ಹೋಗುವ ತನಕ ಸದ್ದು ಮಾಡದ ಅಂಗವಾದ್ದರಿಂದ, ಗೊತ್ತಾಗುವಾಗ ಆಕಾಶದಿಂದ ಬಿದ್ದ ಹಾಗಿರುತ್ತದೆ, ಆಗ ಜನ ಪೂರ್ವಜನ್ಮಕ್ಕೆ ಕೈ ಹಾಕುತ್ತಾರೆ. ಅಮ್ಮನ ಮಾತಿಗೆ ನಾನು ಸಿಟ್ಟಾಗುವುದಿಲ್ಲ. ಮಗ ತನ್ನ ಕಣ್ಣೆದುರೇ ಸವೆಯುವಾಗ ಆಕೆಗೆ ಒಂದು ವಿವರಣೆ ಬೇಕು. ನನ್ನ ಆಕ್ಷೇಪ 'ಅನುಭವಿಸಿಯೇ ತೀರಬೇಕು' ಎಂಬ ಬಾಲಕ್ಕೆ ಮಾತ್ರ. ಆ ಮಾತನ್ನು ನಂಬಿ ಡಯಾಲಿಸಿಸ್ ತಪ್ಪಿಸಿದವರನ್ನು ನಾನು ಕಳೆದುಕೊಂಡಿದ್ದೇನೆ.

ಯಾರಿಗೆ ಯೋಗ್ಯತೆ ಎಂಬ ಲೆಕ್ಕವನ್ನು ಮನುಷ್ಯರೇ ಒಮ್ಮೆ ಹಾಕಿ ನೋಡಿದ್ದಾರೆ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ ತೋಳಿನಲ್ಲಿ ಕೊಳವೆ ಕೂರಿಸಿ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ದಾರಿ ಕಂಡುಹಿಡಿದರು. ಅದಕ್ಕೂ ಮೊದಲು ನಿಮ್ಮಂಥ ಕಾಯಿಲೆಯಲ್ಲಿ ವರ್ಷಗಟ್ಟಲೆ ಬದುಕುವ ಪ್ರಶ್ನೆಯೇ ಇರಲಿಲ್ಲ. ಯಂತ್ರ ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಊರಿನ ನಾಗರಿಕರ ಒಂದು ಸಮಿತಿ ಮಾಡಿದರು. ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಪಾದನೆಯೆಷ್ಟು, ಚರ್ಚಿಗೆ ಹೋಗುತ್ತಾನೆಯೇ ಎಂದೆಲ್ಲ ನೋಡಿ ಯಾರು ಬದುಕಬೇಕೆಂದು ಆರಿಸಿದರು. ಜನ ಅದನ್ನು 'ದೇವರ ಸಮಿತಿ' ಎಂದು ಕರೆದರು, ಹೊಗಳಿಕೆಗಲ್ಲ. ಒಳ್ಳೆಯವರನ್ನು ಆರಿಸಲು ಹೋಗಿ ತಮ್ಮಂಥವರನ್ನೇ ಆರಿಸಿಕೊಂಡರು ಎಂಬ ಟೀಕೆ ಇಂದಿಗೂ ಇದೆ. ನಿಮಗೇ ಯಾಕೆ ಬಂತು ಎಂಬುದಕ್ಕೆ ಯೋಗ್ಯತೆಯ ಉತ್ತರ ಹುಡುಕುವ ನೆಂಟರನ್ನು ನೋಡಿದಾಗ ನನಗೆ ಆ ಸಮಿತಿಯ ನೆನಪಾಗುತ್ತದೆ.

ಕೃತಜ್ಞತೆಗೆ ಬರೋಣ. ಮೇಷ್ಟ್ರಾದ ನಿಮಗೆ ಪದ ಬಿಡಿಸಿ ಹೇಳಬೇಕಿಲ್ಲ: ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ತಿಳಿದವನು. ಮಾಡಿದ್ದನ್ನು ತಿಳಿದಿರುವವನು ಕೃತಜ್ಞ. ಆ ಪದದಲ್ಲಿ ಸಂತೋಷವಿಲ್ಲ, ನಗುಮುಖವಿಲ್ಲ, 'ದೂರಬೇಡ' ಎಂಬ ಆಜ್ಞೆಯೂ ಇಲ್ಲ. ಬೆಳಗ್ಗೆ ಐದಕ್ಕೆ ಎದ್ದು ನಿಮಗೆ ಬೇರೆ, ಮನೆಗೆ ಬೇರೆ ಅಡುಗೆ ಮಾಡುವವರು ಯಾರು, ಶುಕ್ರವಾರದ ನಿಮ್ಮ ಪೀರಿಯಡ್ ತೆಗೆದುಕೊಳ್ಳುವ ಸಹೋದ್ಯೋಗಿ ಯಾರು, ಒಂದೇ ಪ್ರಯತ್ನಕ್ಕೆ ಸೂಜಿ ಕೂರಿಸುವ ಟೆಕ್ನೀಷಿಯನ್ ಹುಡುಗ ಯಾರು ಎಂಬುದು ನಿಮಗೆ ಗೊತ್ತಿದೆ. ಸಿಟ್ಟು ಇದ್ದರೂ ಅದು ಗೊತ್ತಿರುತ್ತದೆ. ನೋಡಲು ಬಂದವರು ಕೇಳುತ್ತಿರುವುದು ಇದನ್ನಲ್ಲ. 'ಕೃತಜ್ಞರಾಗಿರಿ' ಎಂದರೆ ಎಷ್ಟೋ ಸಲ 'ನಿಮ್ಮ ನೋವು ಕೇಳಲು ನನಗೆ ಕಷ್ಟ, ದಯವಿಟ್ಟು ನಿಲ್ಲಿಸಿ' ಎಂದರ್ಥ. ಅದಕ್ಕೆ ನೀವು ಉತ್ತರ ಕೊಡಬೇಕಿಲ್ಲ, ಕಾಫಿ ಕೊಟ್ಟು ಕಳಿಸಿ.

ದಿನಾ ರಾತ್ರಿ ನಾಲ್ಕೈದು ಉಪಕಾರಗಳನ್ನು ಬರೆದಿಡುವ ಅಭ್ಯಾಸದ ಬಗ್ಗೆ ಈಗ ಎಲ್ಲ ಕಡೆ ಹೇಳುತ್ತಾರೆ. ಅದರ ಹಿಂದೆ ಸಂಶೋಧನೆಯಿದೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ನರ ಮತ್ತು ಸ್ನಾಯುಗಳ ದೀರ್ಘ ಕಾಯಿಲೆಯಿದ್ದವರೂ ಇದ್ದರು. ಹಾಗೆ ಬರೆದವರ ಮನಸ್ಸು ಸ್ವಲ್ಪ ಹಗುರವಾಯಿತು, ನಿದ್ದೆ ಸುಧಾರಿಸಿತು. ಕಾಯಿಲೆ ವಾಸಿಯಾಯಿತೆಂದು ಅವರೇನೂ ಹೇಳಲಿಲ್ಲ. ಮಾಡಬೇಕೆನ್ನಿಸಿದರೆ ಮಾಡಿ, ಅದರಿಂದ ಅಪಾಯವಿಲ್ಲ. ಬರೆಯಲು ಕೂತಾಗ ಬರೀ ಸಾಲದ ಪಟ್ಟಿಯ ಹಾಗೆ ಕಾಣಿಸಿ ಎದೆ ಭಾರವಾದರೆ ಬಿಟ್ಟುಬಿಡಿ. ನನ್ನ ರೋಗಿಗಳಲ್ಲಿ, ಅದರಲ್ಲೂ ಗಂಡಸರಲ್ಲಿ, ಈ ಋಣದ ಭಾರವೇ ಸೂಜಿಗಿಂತ ಹೆಚ್ಚು ನೋಯಿಸುವುದನ್ನು ಕಂಡಿದ್ದೇನೆ. ಅಂಥವರಿಗೆ ನಾನು ಹೇಳುವುದು, ಮನೆಯಲ್ಲಿ ನಿಮ್ಮಿಂದಾಗುವ ಒಂದು ಕೆಲಸ ಹಿಡಿಯಿರಿ. ಸೊಪ್ಪು ಬಿಡಿಸುವುದಾದರೂ ಸರಿ, ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಡುವುದಾದರೂ ಸರಿ.

ಸಿಟ್ಟಿಗೆ ದೇವರು ಮುನಿಯುವುದಾದರೆ ನಮ್ಮಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಹುಟ್ಟುತ್ತಿರಲಿಲ್ಲ. ದಾಸರು ದೇವರನ್ನು ಬೈದಷ್ಟು ನೀವಿನ್ನೂ ಬೈದಿಲ್ಲ. ನಮ್ಮ ಘಟಕದಲ್ಲಿ ಒಬ್ಬ ಅಜ್ಜಿಯಿದ್ದರು, ಸೂಜಿ ಚುಚ್ಚುವಾಗಲೆಲ್ಲ ಮನೆದೇವರಿಗೆ ಹಿಡಿಶಾಪ. ಒಂದು ದಿನವೂ ಡಯಾಲಿಸಿಸ್ ತಪ್ಪಿಸಲಿಲ್ಲ, ಜಾತ್ರೆಯೂ ತಪ್ಪಿಸಲಿಲ್ಲ. ಸಿಟ್ಟಾಗುವುದಕ್ಕೂ ಎದುರಿಗೆ ಒಬ್ಬರು ಇದ್ದಾರೆಂಬ ನಂಬಿಕೆ ಬೇಕಲ್ಲ. ನನಗೆ ಕಳವಳ ಹುಟ್ಟಿಸುವುದು ಸಿಟ್ಟಲ್ಲ, ಸಿಟ್ಟೂ ಆರಿಹೋದ ಸ್ಥಿತಿ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಕೆಟ್ಟಿದೆ, 'ಯಂತ್ರ ನಿಲ್ಲಿಸಿಬಿಡೋಣ' ಅನ್ನಿಸುತ್ತಿದೆ ಎಂದಾದರೆ ಅದು ನಾಸ್ತಿಕತೆಯೂ ಅಲ್ಲ, ನಂಬಿಕೆಯ ಕೊರತೆಯೂ ಅಲ್ಲ, ಖಿನ್ನತೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಇದು ತೀರಾ ಸಾಮಾನ್ಯ, ಔಷಧಿಯಿದೆ, ಕಿಡ್ನಿಗೆ ತಕ್ಕ ಡೋಸ್ ಹೊಂದಿಸಿ ಕೊಡುತ್ತೇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮುಂದಿನ ದಾರಿಗಳು. ವಾರಕ್ಕೆ ಮೂರು ಸಲ ಸಾಧ್ಯವೇ ಇಲ್ಲವೆಂದಾದರೆ ಮನೆಯಲ್ಲೇ ಮಾಡಿಕೊಳ್ಳುವ ಹೊಟ್ಟೆಯ ಡಯಾಲಿಸಿಸ್, ಅಂದರೆ ಸಿಎಪಿಡಿ, ಇದೆ. ದಿನಕ್ಕೆ ಮೂರು ನಾಲ್ಕು ಸಲ ಎರಡು ಲೀಟರ್ ದ್ರವ ಹೊಟ್ಟೆಗೆ ಬಿಟ್ಟು ತೆಗೆಯುವುದು, ಸಲಕ್ಕೆ ಅರ್ಧ ಗಂಟೆ. ಶಾಲೆಗೆ ಹೊಂದುತ್ತದೆ, ಪಥ್ಯವೂ ಇಷ್ಟು ಬಿಗಿಯಿರುವುದಿಲ್ಲ. ಆದರೆ ದ್ರವದಲ್ಲಿ ಗ್ಲೂಕೋಸ್ ಇರುವುದರಿಂದ ನಿಮ್ಮ ಸಕ್ಕರೆ ಏರುತ್ತದೆ. ಕೈ ಶುಚಿ ತಪ್ಪಿದರೆ ಹೊಟ್ಟೆಯೊಳಗೆ ಸೋಂಕು, ಹೊರಬರುವ ದ್ರವ ಕದಡಿದಂತೆ ಕಂಡರೆ ಅಂದೇ ಆಸ್ಪತ್ರೆ.

ಕಸಿ ಇವೆರಡಕ್ಕಿಂತ ಒಳ್ಳೆಯದು, ಹೃದಯ ಪರೀಕ್ಷೆಯಲ್ಲಿ ನೀವು ಪಾಸಾದರೆ. ಅದೂ ವಾಸಿಯಲ್ಲ. ಜೀವನಪರ್ಯಂತ ಮಾತ್ರೆ, ಸೋಂಕಿನ ಭಯ, ಮಾತ್ರೆಗಳಿಂದ ಸಕ್ಕರೆ ಇನ್ನಷ್ಟು ಏರುವ ಸಂಭವ ಇದ್ದೇ ಇದೆ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಹೆಂಡತಿ ಹತ್ತಿರದ ಸಂಬಂಧಿ, ಕೊಡಲು ಅಡ್ಡಿಯಿಲ್ಲ. ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಜೋಡಿಯೊಡನೆ ಅದಲುಬದಲು ಮಾಡಲೂ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಹಾಗೆಯೇ ಮೃತ ದಾನಿಗಳ ಅಂಗಾಂಗ ಹಂಚುವ ನಮ್ಮ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲೂ ಆಸ್ಪತ್ರೆಯ ಮೂಲಕ ಹೆಸರು ಸೇರಿಸಿ. ಮುಂದಿನ ಜನ್ಮದ ಭಯಕ್ಕೆ ನನ್ನ ಬಳಿ ಪರೀಕ್ಷೆಯಿಲ್ಲ. ದಧೀಚಿ ಬೆನ್ನೆಲುಬು ಕೊಟ್ಟ, ಬೇಡರ ಕಣ್ಣಪ್ಪ ಕಣ್ಣು ಕೊಟ್ಟ, ಅದಕ್ಕಾಗಿ ಅವರಿಗೆ ಶಿಕ್ಷೆಯಾಯಿತೆಂದು ಯಾವ ಹರಿಕಥೆಯಲ್ಲೂ ನಾನು ಕೇಳಿಲ್ಲ. ಈ ಜನ್ಮದ ಅಪಾಯವನ್ನು ಮಾತ್ರ ಹೇಳಬಲ್ಲೆ: ಶಸ್ತ್ರಚಿಕಿತ್ಸೆಯಲ್ಲಿ ದಾನಿ ಸಾಯುವ ಸಂಭವ 10,000ಕ್ಕೆ ಸುಮಾರು ಮೂರು. ಮುಂದೆ ಬಿ.ಪಿ. ಬರುವ, ಉಳಿದ ಕಿಡ್ನಿ ಸೋಲುವ ಸಂಭವ ಸ್ವಲ್ಪ ಹೆಚ್ಚು. ಅವರಿಗೂ ಸಕ್ಕರೆಯ ಲಕ್ಷಣ ಇದ್ದರೆ ನಾವೇ ಬೇಡವೆನ್ನುತ್ತೇವೆ.

ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಆದ್ದರಿಂದ ನಾನು ದಾನಿಯನ್ನು ಯಾವಾಗಲೂ ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇನೆ, ಗಂಡ, ಅತ್ತೆ, ತಮ್ಮ ಎಲ್ಲ ಹೊರಗೆ. ನಿಮ್ಮ ಪತ್ರದಲ್ಲಿ ಅಮ್ಮ ಏನೆಂದರು, ಷಡ್ಡಕ ಏನೆಂದ, ನೆಂಟರು ಏನೆಂದರು ಎಲ್ಲ ಇದೆ. ನಿಮ್ಮ ಮನೆಯವರದು 'ಕೊಡ್ತೀನಿ' ಎಂಬ ಒಂದೇ ಮಾತು. ಮುಂದಿನ ಸಲ ನಿಮ್ಮ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ, ಅವರು ಒಳಗಿರುವಾಗ ನೀವು ಹೊರಗಿನ ಬೆಂಚಿನ ಮೇಲೆ ಕಾಯಿರಿ. ಅವರಿಗೆ ಕೇಳಬೇಕಾದದ್ದು ಏನಿದೆಯೋ ಅವರೇ ಕೇಳಲಿ.